ಮೊದಲ ಮಳೆಯ ನೀರಿನ ಮಾದರಿ

ಜೂನ್ ಹದಿನೆಂಟು, ಬೆಳಿಗ್ಗೆ ಒಂಬತ್ತೂವರೆ. ಮುಂಬೈ ಬಳಿಯ ಕಲ್ಯಾಣದ ಹೊರವಲಯದ ಪೊಲೀಸ್ ಠಾಣೆಗೆ ಬಂದ ಸಾಬವ್ವ ಬೆಂಚಿನ ಮೇಲೆ ಕೂರಲೇ ಇಲ್ಲ. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವಳು; ನದಿ ದಂಡೆಯ ಕಾರ್ಮಿಕರ ಕ್ಯಾಂಪಿನಲ್ಲಿ ವಾಸ.

"ಸಾಹೇಬ್ರ, ಮೊಮ್ಮಗಳು ದವಾಖಾನಿಯಾಗ ಅದಾಳ್ರಿ. ಬರೇ ವಾಂತಿ, ಭೇದಿ. ಕಣ್ಣು ಒಳಗ ಹೋಗ್ಯಾವ. ಇನ್ನೂ ಭಾಳ ಹುಡುಗ್ರು ಮಲಗ್ಯಾವ. ಆ ಟ್ಯಾಂಕರಿನ ನೀರಾಗೇ ಏನೋ ಐತ್ರಿ."

ಇನ್‌ಸ್ಪೆಕ್ಟರ್ ಸುದರ್ಶನ ಬಂಗೇರ ದೂರನ್ನು ತಾವೇ ಮರಾಠಿಯಲ್ಲಿ ಬರೆದುಕೊಂಡು ಎಫ್‌ಐಆರ್ ದಾಖಲಿಸಿದರು. ಡೊಂಬಿವಲಿಯಲ್ಲಿ ಹುಟ್ಟಿ, ಖಾಕಿ ತೊಡುವ ಮೊದಲು ಸೂಕ್ಷ್ಮಜೀವಶಾಸ್ತ್ರ ಓದಿದವರು. ನೀರಿನ ವಿಷಯದಲ್ಲಿ ಯಾರ ಮಾತನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ.

ಮೊದಲ ಸಂಶಯ ಬಿದ್ದದ್ದು ಟ್ಯಾಂಕರ್ ಗುತ್ತಿಗೆದಾರ ಮನೀಶನ ಮೇಲೆ. ನದಿಯ ನೀರನ್ನು ಸೋಸಿ, ಬ್ಲೀಚಿಂಗ್ ಪುಡಿ ಹಾಕಿ ಕ್ಯಾಂಪಿಗೆ ಕೊಡುವುದು ಅವನ ಕೆಲಸ.

"ಪುಡಿ ಎಷ್ಟು ಹಾಕ್ತೀಯ?"

"ಲ್ಯಾಬ್ ರಿಪೋರ್ಟ್ ಜೈಸಾ, ವೈಸಾ, ಸಾಹೇಬ್. ನದಿ ಸಾಫ್ ಅಂದ್ರೆ ಥೋಡಾ, ಗಂದಾ ಅಂದ್ರೆ ಜಾಸ್ತಿ. ಲಿಮಿಟ್ ದಾಟಿದ್ರೆ ಟ್ಯಾಂಕರೇ ಬಂದ್."

"ಈ ವಾರ?"

"ಏಕ್‌ದಮ್ ಸಾಫ್. ಥೋಡಾ ಹಾಕಿದೆ."

ಬಂಗೇರರು ವರದಿಗಳನ್ನು ತರಿಸಿ ನೋಡಿದರು. ಮೇ ತಿಂಗಳ ಬಿರುಬಿಸಿಲಿನಲ್ಲೂ ಬ್ಯಾಕ್ಟೀರಿಯಾ ಕಡಿಮೆ, ಮೊದಲ ಮಳೆ ಸುರಿದ ವಾರವೂ ಅಷ್ಟೇ ಕಡಿಮೆ. ಅವರಿಗೆ ಇರಿಸುಮುರಿಸಾಯಿತು. ದಂಡೆಯ ಮೇಲೆ ತಿಂಗಳುಗಟ್ಟಲೆ ಕೂಡಿದ ಹೊಲಸನ್ನೆಲ್ಲ ಮೊದಲ ಮಳೆ ನದಿಗೆ ತಳ್ಳುತ್ತದೆ. ಆ ವಾರ ಸಂಖ್ಯೆ ಏರಲೇಬೇಕು.

ಆ ವರದಿಗಳನ್ನು ಕೊಟ್ಟ, ಕೋಪರಖೈರಣೆಯ ಖಾಸಗಿ ಪ್ರಯೋಗಾಲಯದ ಮಾಲೀಕ ಕೌಶಲ್ ರೈ ಎಸಿ ಕೋಣೆಯಲ್ಲೂ ಬೆವರು ಒರೆಸಿಕೊಂಡ.

"ಬಿಸಿಲಿಗೆ ಬ್ಯಾಕ್ಟೀರಿಯಾ ಸಾಯ್ತವೆ ಸರ್. ಮಧ್ಯಾಹ್ನದ ಸ್ಯಾಂಪಲ್‌ನಲ್ಲಿ ಕೌಂಟ್ ಕಮ್ಮಿ ಬರೋದು ನಾರ್ಮಲ್."

"ಸರಿ. ಮೋಡ ಕವಿದ ವಾರ ಬಿಸಿಲು ಎಲ್ಲಿಂದ ಬಂತು?"

ಕೌಶಲ್ ವರದಿಗಳ ಫೈಲನ್ನು ಮತ್ತೆ ತಿರುವಿದ.

"ನೀರು ತರುವುದು ಯಾರು?"

"ಲಕ್ಷ್ಮೀಕಾಂತ. ಬಿಎಸ್ಸಿ ಹುಡುಗ. ಅದೇ ಕ್ಯಾಂಪಿನವನು. ಬಾಟಲಿ ತುಂಬಿಸಿ, ಸೀಲ್ ಮಾಡಿ, ಐಸ್ ಪೆಟ್ಟಿಗೆಯಲ್ಲಿ ಇಟ್ಟು ಲೋಕಲ್ ರೈಲಿನಲ್ಲಿ ತರ್ತಾನೆ."

ಮುಂದಿನ ಮಾದರಿಯ ದಿನ ಮಫ್ತಿಯಲ್ಲಿದ್ದ ಕಾನ್‌ಸ್ಟೇಬಲ್ ಸಿದ್ರಾಮ, ಲಕ್ಷ್ಮೀಕಾಂತ ನೀರು ತುಂಬಿಕೊಂಡು ಹೋದೊಡನೆ ಅದೇ ಜಾಗದಲ್ಲಿ ಇನ್ನೊಂದು ಬಾಟಲಿ ತುಂಬಿದ. ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲೇ ಐಸ್ ಪೆಟ್ಟಿಗೆಯನ್ನು ತಡೆದರು. ಪಂಚನಾಮೆಗೆ ಇಬ್ಬರು ಸಾಕ್ಷಿಗಳು ನಿಂತರು. ಸೀಲ್ ಒಡೆಯದೆ ಇತ್ತು. ಸಿಬ್ಬಂದಿ ಯಾರೂ ಮುಟ್ಟುವ ಮೊದಲೇ ಬಂಗೇರರು ಸೀಲ್ ಒಡೆಸಿ, ಎರಡೂ ಬಾಟಲಿಗಳಿಂದ ಒಂದಿಷ್ಟು ನೀರನ್ನು ಬೇರೆ ಬೇರೆ ಗಾಜಿನ ನಳಿಕೆಗಳಿಗೆ ಸುರಿಸಿ, ಕ್ಲೋರಿನ್ ಪತ್ತೆಯ ದ್ರಾವಣ ತೊಟ್ಟಿಕ್ಕಿಸಿದರು.

ಸಿದ್ರಾಮ ತಂದ ನೀರು ಇದ್ದ ಹಾಗೇ ಇತ್ತು. ಲಕ್ಷ್ಮೀಕಾಂತನ ನೀರು ಅರಿಶಿನದಂತೆ ಹಳದಿಯಾಯಿತು.

"ನದಿಗೆ ಯಾರಪ್ಪ ಕ್ಲೋರಿನ್ ಹಾಕಿದ್ದು?"

ಲಕ್ಷ್ಮೀಕಾಂತ ನಳಿಕೆಯನ್ನೇ ನೋಡುತ್ತಿದ್ದ. "ನಾನೇ ಸರ್. ಬಾಟಲಿಗೆ ಚಿಟಿಕಿ ಬ್ಲೀಚಿಂಗ್ ಪುಡಿ. ಬ್ಯಾಕ್ಟೀರಿಯಾ ದಾರ್ಯಾಗೇ ಸಾಯ್ತಾವ."

"ಮನೀಶ ಎಷ್ಟು ಕೊಟ್ಟ?"

"ಅಂವಾ ಒಂದ್ ಕಪ್ ಚಾ ಸುದ್ದಾ ಕುಡಿಸಿಲ್ಲ."

"ಮತ್ತೆ ಎಂತಕ್ಕೆ ಮಾರಾಯ?"

ಅವನು ಐಸ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ಹೋದ ವರ್ಷ ಮಳಿ ಬಂದಾಗ ಖರೇ ನೀರೇ ತಂದಿದ್ದೆ. ರಿಪೋರ್ಟ್ ಕೆಟ್ಟ ಬಂತು, ಟ್ಯಾಂಕರ್ ನಿಲ್ಲಿಸಿದ್ರು. ನಮ್ಮ ಹೆಣ್ಮಕ್ಳು ರೈಲ್ವೆ ಹಳಿ ದಾಟಿ ಆಚಿ ನಳಕ್ಕ ಹೋಗಾಕ ಸುರು ಮಾಡಿದ್ರು. ನಮ್ಮಕ್ಕ ಮಲ್ಲಿಕಾ ತಲಿ ಮ್ಯಾಲ ಒಂದು, ಸೊಂಟದ ಮ್ಯಾಲ ಒಂದು ಕೊಡ ಹೊತ್ತಿದ್ಲು. ಗಾಡಿ ಬರೂದು ಕಾಣಲಿಲ್ಲ ಆಕಿಗಿ."

ಸಿದ್ರಾಮ ಮುಖ ತಿರುಗಿಸಿಕೊಂಡ.

"ನಿನ್ನ ವರದಿ ನೋಡಿಯೇ ಟ್ಯಾಂಕರಿಗೆ ಪುಡಿ ಹಾಕುವುದು. ಗೊತ್ತಿರಲಿಲ್ವಾ?"

"ದಿನಾ ಒಂದೇ ಅಳತಿ ಹಾಕ್ತಾರ ಅಂದ್ಕೊಂಡಿದ್ದೆ ಸರ್." ಅವನು ಬಂಗೇರರತ್ತ ತಿರುಗಿದ. "ಸಾಬವ್ವಾಯಿ ಮೊಮ್ಮಗಳು ಹೆಂಗದಾಳ್ರಿ?"

"ಬೆಳಿಗ್ಗೆ ಗಂಜಿ ಕುಡಿದಳಂತೆ. ಉಳಿದವರ ವಿಷಯ ಇನ್ನೂ ಹೇಳಲು ಬರುವುದಿಲ್ಲ."

ಸಂಜೆ ಆರಕ್ಕೆ ಲಕ್ಷ್ಮೀಕಾಂತನ ಬಂಧನದ ಪತ್ರಕ್ಕೆ ಸಹಿಯಾಯಿತು. ಸಿದ್ರಾಮ ತುಂಬಿದ ನೀರಿನ ಪರೀಕ್ಷೆ ಮರುದಿನ ಮುಗಿಯಿತು. ಬ್ಯಾಕ್ಟೀರಿಯಾ ಮಿತಿಗಿಂತ ಹಲವು ಪಟ್ಟು ಹೆಚ್ಚು. ಟ್ಯಾಂಕರ್ ನಿಲ್ಲಿಸುವ ಆದೇಶ ಅಂದೇ ಹೊರಟಿತು. ಬದಲಿ ನೀರಿಗೆ ಬಂಗೇರರು ಎಲ್ಲೆಲ್ಲೋ ಫೋನ್ ಮಾಡಿದರು. ಎಲ್ಲ ಕಡೆಯಿಂದಲೂ ಎರಡು ದಿನ ಬೇಕು ಎಂಬ ಉತ್ತರವೇ ಬಂತು.

ಅವರು ಫೋನ್ ಕೆಳಗಿಟ್ಟು ಸಿದ್ರಾಮನನ್ನು ಕರೆದರು.

"ನಾಳೆ ಬೆಳಿಗ್ಗೆ ಠಾಣೆಗೆ ಬರಬೇಡ. ಇನ್ನಿಬ್ಬರನ್ನು ಕರಕೊಂಡು ಸೀದಾ ಹಳಿ ಹತ್ರ ಹೋಗು."

"ಯಾರನ್ನ ಹಿಡೀಬೇಕ್ರಿ ಸರ್?"

"ಯಾರನ್ನೂ ಅಲ್ಲ. ಕೊಡ ಹೊತ್ತು ಬಂದವರನ್ನು ದಾಟಿಸು."