ಹೂ ಮುಡಿಸುವ ಭಾನುವಾರ

"ಅಲ್ಲಿ ನೆಡಬ್ಯಾಡಿ ಸಾರ್, ಬೇರು ಕೊಳ್ತೋಯ್ತದೆ!"

ನವ್ಯಶ್ರೀಗೆ ತಡೆಯಲಾಗಲಿಲ್ಲ. ಹಾರೋಹಳ್ಳಿ ಕಡೆಯ ಆ ಫ್ಯಾಕ್ಟರಿಯ ಗೆಸ್ಟ್‌ಹೌಸ್ ತೋಟದಲ್ಲಿ ಅವಳು ಕೂಲಿಯವಳು. ಗುಂಡಿ ತೋಡುತ್ತಿದ್ದವನು ಹೊಸ ಸೂಪರ್‌ವೈಸರ್ ಶಶಿಕಿರಣ್. ಆದರೆ ಫ್ಯಾಕ್ಟರಿ ಬರುವ ಮೊದಲು ಅದು ಅವಳಪ್ಪ ಕರಿಯಪ್ಪನ ಗದ್ದೆ. ನೀರು ಎಲ್ಲಿ ನಿಲ್ಲುತ್ತದೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

"ಇದು ಊಟಿಯಿಂದ ತಂದ ಕ್ಲೆಮ್ಯಾಟಿಸ್ ಬಳ್ಳಿ. ಬುಡ ತಣ್ಣಗಿರ್ಬೇಕು, ತಲೆಗೆ ಬಿಸಿಲು ಬೀಳ್ಬೇಕು. ಒದ್ದೆ ಮಣ್ಣೇ ಸರಿ," ಎಂದ ಅವನು.

"ಒದ್ದೆ ಬ್ಯಾರೆ, ಕೆಸರು ಬ್ಯಾರೆ. ಒಸಿ ದಿಬ್ಬ ಮಾಡ್ಕಂಡು, ಮರಳು ಬೆರೆಸಿ ನೆಡಿ."

"ನೀನೇ ಮಾಡ್ಕೊಡ್ತೀಯಾ?"

"ಇಲ್ಲಾಂದ್ರೆ ಬುಟ್ಬುಡ್ತೀರಾ?"

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಹಾಳಾದ್ದು, ಅವಳ ಕಣ್ಣು ಅಲ್ಲಿಗೇ ಹೋಗಬೇಕೆ!

ಇಬ್ಬರೂ ಸೇರಿ ದಿಬ್ಬ ಕಟ್ಟಿದರು, ಬುಡದ ನೆರಳಿಗೆ ಹೆಂಚಿನ ಚೂರು ಜೋಡಿಸಿದರು. ಒದ್ದೆ ಮಣ್ಣಿನೊಳಗೆ ಬೆರಳಿಗೆ ಬೆರಳು ತಾಗಿತು. ಅವಳೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

ಬಳ್ಳಿ ತಂತಿ ಹಿಡಿದು ಮೇಲೇರುವ ಹೊತ್ತಿಗೆ ಅವಳಿಗೆ ಅವನ ಬೈಕಿನ ಸದ್ದು ದೂರದಿಂದಲೇ ತಿಳಿಯುತ್ತಿತ್ತು. ಒಂದು ಸಂಜೆ ಅವನು ಅವಳ ಕೂದಲಿಗಂಟಿದ್ದ ಎಲೆ ತೆಗೆದು, "ಹೂ ಬಿಡ್ಲಿ, ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ. ಇದೇ ಹೂ ಮುಡಿಸ್ತೀವಿ," ಎಂದ.

ಗಂಡಿನ ಕಡೆಯವರು ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದಂತೆ. ಆಮೇಲೆ ಅವಳು ಬಳ್ಳಿಗೆ ನೀರು ಹಾಕಿದ್ದು ಫ್ಯಾಕ್ಟರಿಗಾಗಿ ಅಲ್ಲ.

ಚಳಿ ಕಳೆಯುತ್ತಿದ್ದಂತೆ ಅಂಗೈಯಗಲದ ನೇರಳೆ ಹೂಗಳು ಬಿಟ್ಟವು. ಶನಿವಾರ ಅವನು ಬುಟ್ಟಿ ತಂದ.

"ನಾಳೆ ಹೂ ಮುಡಿಸೋ ಶಾಸ್ತ್ರ. ಇರೋದೆಲ್ಲ ಕೊಯ್ಕೊಡು."

ಯಾರಿಗೆ ಎಂದು ಅವಳು ಕೇಳಲಿಲ್ಲ. ಯಾವ ಹುಡುಗಿ ತಾನೇ ಕೇಳುತ್ತಾಳೆ? ನಾಚಿ, ಒಂದೊಂದನ್ನೂ ತೊಟ್ಟು ನಲುಗದಂತೆ ಕೊಯ್ದು ಕೊಟ್ಟು, ಅವ್ವನಿಗೆ ಹೇಳಲು ಮನೆಗೆ ಓಡಿದಳು.

ಭಾನುವಾರ ಅವಳವ್ವ ಅಂಬುಜಮ್ಮ ಕೇಸರಿಬಾತು ಮಾಡಿದಳು. ಕರಿಯಪ್ಪ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಕೂತ. ಕರೆಸಿದ್ದ ನೆಂಟರು ಸಂಜೆಯವರೆಗೆ ಕಾದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು. ರೇಷ್ಮೆ ಸೀರೆ ಬಿಚ್ಚುವಾಗ ಅವಳಿಗೆ ಅವ್ವನ ಕಡೆ ನೋಡುವ ಧೈರ್ಯವಿರಲಿಲ್ಲ.

ಸೋಮವಾರ ಶಶಿಕಿರಣ್ ಸ್ವೀಟ್ ಬಾಕ್ಸ್ ಹಿಡಿದು ಬಂದ.

"ಮಾಗಡಿ ಹುಡುಗಿ, ಕವನ ಅಂತ. ನಮ್ಮ ಜನಾನೇ. ಹೂ ನೋಡಿ ಎಲ್ರೂ ಬೆರಗಾಗೋದ್ರು. ವಾಸ್ನೆ ಇಲ್ಲ ಅಂದ್ರು ಅಷ್ಟೆ."

ನವ್ಯಶ್ರೀ ಕೈಯಲ್ಲಿದ್ದ ಗುದ್ದಲಿಯನ್ನು ಕೆಳಗಿಟ್ಟಳು.

"ನಮ್ಮನೇಲಿ ನೆಂಟ್ರೆಲ್ಲ ಕಾದ್ರು. ನಂಗೆ ಹೇಳಿದ್ದು ಸುಳ್ಳಾ?"

"ಹೇಳ್ದಾಗ ನಿಜಾನೇ. ಆಮೇಲೆ ಅಮ್ಮ ಒಪ್ಪಲಿಲ್ಲ. ಬೇರೆ ಜಾತಿ ಅಂದ್ರು."

"ಹಂಗಂತ ಶನಿವಾರ ಯಾಕೆ ಹೇಳ್ನಿಲ್ಲ?"

"ಹೇಳಿದ್ರೆ ನೀನು ಹೂ ಕೊಯ್ತಿರ್ಲಿಲ್ಲ."

ಅವನು ಇದನ್ನು ಹೇಳಿದ್ದು ಮಾಮೂಲಿ ಮಾತು ಆಡುವ ಹಾಗೆ. ಅವಳು ಬಯ್ಯಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ. ಅಷ್ಟು ಅವಮಾನವಾದ ಮೇಲೂ ಅವಳಿಗೆ ಅವನ ಮೇಲಿನ ಆಸೆ ಹೋಗಿರಲಿಲ್ಲ.

"ಕೊಯ್ತಿದ್ದೆ," ಎಂದಳು. "ನೀವು ಕೇಳಿದ್ರೆ, ಅವಳಿಗೆ ಅಂತ ಗೊತ್ತಿದ್ರೂ ಕೊಯ್ತಿದ್ದೆ. ಅಷ್ಟು ಇಷ್ಟ ನೀವಂದ್ರೆ."

ಶಶಿಕಿರಣನ ಮುಖ ನಿರಾಳವಾಯಿತು.

"ಅಬ್ಬ! ಹಂಗಾದ್ರೆ ಮದುವೆಗೂ ನೀನೇ ಕೊಯ್ಕೊಡು."

ಸ್ವೀಟ್ ಬಾಕ್ಸನ್ನು ಅವಳ ಕೈಗಿಟ್ಟು, ಬೈಕಿನ ಕಡೆ ನಡೆದ.