ಮುಳುಗಿದ ಕಂಟೇನರು ಮಸ್ಕಿ ರಸ್ತೆಯಲ್ಲಿ

ಜೂನ್ ತಿಂಗಳ ಎರಡನೆಯ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಿಂಧನೂರಿನ ಠಾಣೆಗೆ ಬಂದ ಹೆಂಗಸು, ಕೂತುಕೊಳ್ಳಿ ಎಂದರೂ ಕೂರದೆ, ಅರಬ್ಬಿ ಸಮುದ್ರದಲ್ಲಿ ಮುಳುಗಿಹೋದ ತನ್ನ ಕಂಟೇನರು ಮಸ್ಕಿ ರಸ್ತೆಯಲ್ಲಿ ನಿಂತಿದೆ ಎಂದು ದೂರು ಹೇಳಿದಳು.

ಹೆಡ್ ಕಾನ್‌ಸ್ಟೆಬಲ್ ಖಾದರಬಾಷಾ ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದ.

"ಅರಬ್ಬಿ ಸಮುದ್ರ ಸಿಂಧನೂರಿಗೆ ಯಾವಾಗ ಬಂತಬೇ ಯವ್ವಾ?"

"ಅದನ್ನ ಕೇಳಾಕ ಬಂದೀನ್ರಿ ನಾ."

ಒಳಗೆ ಕುಳಿತಿದ್ದ ಪಿಎಸ್‌ಐ ಪಂಪಾವತಿಗೆ ಈ ಉತ್ತರ ಹಿಡಿಸಿತು. ಈ ಊರಿಗೆ ಬಂದ ಮೇಲೆ ಆಕೆ ಕಾಲುವೆ ದಂಡೆಯ ಪಂಪ್‌ಸೆಟ್ಟು ಕಳವು, ಭತ್ತದ ಲಾರಿ ನಾಪತ್ತೆ, ಬದುವಿನ ಜಗಳ ಎಲ್ಲವನ್ನೂ ಕಂಡಿದ್ದಳು. ಹಡಗಿನ ಕೇಸು ಇದೇ ಮೊದಲು. ಹೆಂಗಸನ್ನು ಒಳಗೆ ಕರೆಸಿದಳು.

ಹೆಸರು ಗಾಳೆಮ್ಮ. ಲಿಂಗಸುಗೂರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದು ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಕೈಗೆ ಬಂದ ಆರು ಲಕ್ಷವನ್ನು ಸಿಂಧನೂರಿನ 'ವರುಣಶ್ರೀ ಫೆರಿ ಅಂಡ್ ಕಂಟೇನರ್ಸ್' ಎಂಬ ಕಂಪನಿಗೆ ಕೊಟ್ಟಿದ್ದಳು. ನಿಮ್ಮ ದುಡ್ಡಿನಲ್ಲಿ ನಿಮ್ಮ ಹೆಸರಿಗೆ ಒಂದು ಕಂಟೇನರು, ಅದನ್ನು ಹಡಗಿನವರಿಗೆ ಬಾಡಿಗೆಗೆ ಬಿಡುತ್ತೇವೆ, ವರ್ಷಕ್ಕೊಮ್ಮೆ ಲಾಭದ ಪಾಲು ಎಂಬುದು ಮಾತು. ಮೊದಲ ವರ್ಷ ಪಾಲೂ ಬಂತು. ಈ ಮೇ ತಿಂಗಳಲ್ಲಿ ಫೋನು ಬಂತು: ಚಂಡಮಾರುತ, ಹಡಗು ವಾಲಿದೆ, ನಿಮ್ಮದು ನೀರುಪಾಲು.

"ನಿನ್ನಿ ಬಸ್ಸಿನಾಗ ಸಿಂಧನೂರಿಗೆ ಬರಾಕತ್ತಿದ್ದೆರಿ. ಬಾಗಿಲು ಹಾಕಿದ ರೈಸ್ ಮಿಲ್ ಐತಲ್ಲ, ಅದರ ಬಯಲಾಗ ನಿಂತಿತ್ತು. ಇಳಿದು ನೋಡಿದೆ. ನಂದೇ."

"ಕಂಟೇನರು ಎಲ್ಲಾ ಒಂದೇ ನಮೂನಿ ಇರ್ತಾವಲ್ಲಮ್ಮಾ. ನಿಮ್ದೇ ಅಂತ ಹ್ಯಾಂಗ ಹೇಳ್ತೀರಿ?"

"ನನ್ನ ಕೈ ಐತ್ರಿ ಅದರ ಮ್ಯಾಲೆ."

ಹಣ ಕಟ್ಟಿದ ದಿನ ಕಂಪನಿಯವರು ಅವಳನ್ನು ಕರೆತಂದು ಅವಳ ಕಂಟೇನರು ತೋರಿಸಿದ್ದರು. ಹೊಸ ಸೈಕಲ್ಲಿಗೂ ಪೂಜೆ ಮಾಡುವ ನಾಡು ಇದು. ಗಾಳೆಮ್ಮ ಕಾಯಿ ಒಡೆದು, ಕುಂಕುಮವನ್ನು ಒಳ್ಳೆಣ್ಣೆಯಲ್ಲಿ ಕಲಸಿ, ಬಾಗಿಲ ಪಕ್ಕಕ್ಕೆ ಬಲಗೈ ಒತ್ತಿದ್ದಳು. ಪಂಪಾವತಿ ಆ ಕೈ ತೋರಿಸಲು ಹೇಳಿದಳು. ಉಂಗುರ ಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಸ್ಟ್ರೆಚರಿನ ಸಂದಿಗೆ ಸಿಕ್ಕು ಹೋದದ್ದು.

"ರೊಕ್ಕ ಯಾತಕ್ಕ ಬೇಕಾಗಿತ್ತು?"

"ಮನಿಗ್ರಿ. ಬಾಡಿಗಿ ಅದೀನಿ, ಎರಡು ಖೋಲಿ. ಇಪ್ಪತ್ತು ವರ್ಷದ ಮ್ಯಾಲಾತು. ಮಾಲಕರು ಹನುಮಂತರಾಯರು ಮಾರ್ತಾರ. 'ನೀ ತಗೊಂಡ್ರ ನಿನಗ ಕೊಡ್ತೀನಿ, ಸ್ವಲ್ಪ ದಿನ ನೋಡ್ತೀನಿ, ಇಲ್ಲಾಂದ್ರ ಬ್ಯಾರೆ ಗಿರಾಕಿ ಅದಾರ' ಅಂತ ಹೋದ ತಿಂಗಳು ಅಂದಿದ್ರು."

"ಈ ಕಂಪನಿ ನಿಮಗ ತೋರಿಸಿದವ್ರು ಯಾರು?"

"ನನ್ನ ತಮ್ಮರಿ, ಯಮನೂರಪ್ಪ. ಹೆಡ್‌ಮಾಸ್ತರ ಆಗಿ ರಿಟೈರ್ ಆಗ್ಯಾನ, ಮಸ್ಕ್ಯಾಗ ಇರ್ತಾನ. ಕಂಪನ್ಯಾಗ ಅವನೂ ಡೈರೆಕ್ಟರ್. ಪಾಪ, ಅವಂದೂ ಮುಳುಗೈತಂತ."

ಮಧ್ಯಾಹ್ನ ಹನ್ನೆರಡೂವರೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ ಎಫ್‌ಐಆರ್ ದಾಖಲಾಯಿತು. ಕೃತ್ಯ ನಡೆದ ಸ್ಥಳ ಎಂಬಲ್ಲಿ 'ಅರಬ್ಬಿ ಸಮುದ್ರ' ಎಂದು ಬರೆಯಲು ಹೋದ ಖಾದರಬಾಷಾನನ್ನು ಪಂಪಾವತಿ ಕಣ್ಣಲ್ಲೇ ತಡೆದಳು.

ಮೂರು ಗಂಟೆಗೆ ಸ್ಥಳ ಪಂಚನಾಮೆ. ಎದುರಿನ ಚಹಾ ಹೋಟೆಲಿನವನೊಬ್ಬ, ಟ್ರಾಕ್ಟರ್ ಚಾಲಕನೊಬ್ಬ ಪಂಚರು. ಗಾಳೆಮ್ಮ ಜೀಪಿನಲ್ಲಿ ಕುಳಿತಿದ್ದಳು. ಮಿಲ್ಲಿನ ಬಯಲಲ್ಲಿ ನಿಂತಿದ್ದ ಕಂಟೇನರು ಅರ್ಧ ನೀಲಿ, ಅರ್ಧ ಕೆಂಪು. ಬ್ರಶ್ ಹಿಡಿದಿದ್ದ ಪೇಂಟರು ನಿಂಗರಾಜ ಪೊಲೀಸರನ್ನು ಕಂಡು ಏಣಿಯ ಮೇಲೆಯೇ ಕುಳಿತುಬಿಟ್ಟ. ಇಳಿಯಲು ಧೈರ್ಯವಿರಲಿಲ್ಲ, ಹಾರಲು ವಯಸ್ಸಿರಲಿಲ್ಲ.

ಬಾಗಿಲ ಪಕ್ಕದಲ್ಲಿ ನೀಲಿ ಬಣ್ಣ ಸೀಳುಸೀಳಾಗಿ ಎದ್ದಿತ್ತು. ಅದರಡಿ ಕಂದಿದ ಕುಂಕುಮದ ಹಸ್ತ, ಒಂದು ಬೆರಳು ಮೋಟು. ಖಾದರಬಾಷಾ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಂತೆ ಪಂಪಾವತಿ ಉಳಿದ ಕಡೆಯೂ ಕೆರೆಯಲು ಹೇಳಿದಳು. ಸೊಂಟದೆತ್ತರದಲ್ಲಿ ಸಿಂಧೂರದ ಸ್ವಸ್ತಿಕ ಬಂತು, ಅದು ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಳಿ ಮನೆಯವರ ಕೈ. ಪಕ್ಕಕ್ಕೆ ವಿಭೂತಿಯ ಮೂರು ಗೆರೆ. ಅದರ ಮೇಲೆ ಅರಿಷಿಣದ ಐದು ಬೊಟ್ಟು. ಮತ್ತೊಂದು ಮೂಲೆಯಲ್ಲಿ ಗಂಧದಲ್ಲಿ ಬರೆದ 786.

"ನಮ್ಮವ್ರೂ ಬಿಟ್ಟಿಲ್ಲರಿ ಮೇಡಂ," ಎಂದ ಖಾದರಬಾಷಾ. ಅವನ ದನಿಯಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ ತಿಳಿಯಲಿಲ್ಲ.

ಒಂದೇ ಕಂಟೇನರು. ಗಿರಾಕಿಗೊಂದು ಬಣ್ಣ, ಗಿರಾಕಿಗೊಂದು ನಂಬರು. ಸಮುದ್ರವನ್ನೇ ನೋಡದ ಆ ಡಬ್ಬಿಗೆ ಮೂರು ತಾಲ್ಲೂಕಿನ ಮಂದಿ ಸರದಿಯ ಮೇಲೆ ಕೈಮುಗಿದು ಹೋಗಿದ್ದರು.

ಬಾಗಿಲು ತೆರೆಸಿದರು. ಟ್ರಾಕ್ಟರ್ ಚಾಲಕ ಮೂಗು ಹಿಡಿದು ಹಿಂದೆ ಸರಿದ. ಒಂದು ಬದಿಗೆ ಹಡಗಿನ ಚಿತ್ರದ ಫ್ಲೆಕ್ಸುಗಳು, ಕೆಂಪು ಕಾರ್ಪೆಟ್ಟು, ಹೂವಿನ ಕಮಾನು. ಇನ್ನೊಂದು ಬದಿಗೆ ಪೂಜೆಗೆ ಒಡೆದ ಕಾಯಿ. ಪ್ರಸಾದವೆಂದು ಮನೆಗೊಯ್ಯಲು ಗಿರಾಕಿಗೆ ಒಂದು ಹೋಳು ಕೊಟ್ಟು, ಕಂಪನಿಯ ಪಾಲಿನ ಇನ್ನೊಂದು ಹೋಳನ್ನು ಒಳಗೆ ಎಸೆಯುತ್ತ ಬಂದಿದ್ದರು. ಎರಡು ವರ್ಷದ ಕಾಯಿ ಕೊಳೆತು, ಬೂಸಲು ಹಿಡಿದು, ಹುಳುವಾಗಿ, ಹುಳುವೂ ಸತ್ತು ಕಪ್ಪು ಅಂಟಾಗಿ ಹರಿದಿತ್ತು. ಸುಳ್ಳು ಹೇಳುವವರನ್ನು ಪಂಪಾವತಿ ದಿನವೂ ನೋಡುತ್ತಿದ್ದಳು. ಆದರೆ ಮಂದಿ ಭಕ್ತಿಯಿಂದ ಒಡೆದದ್ದನ್ನು ತಿನ್ನಲೂ ಇಲ್ಲ, ದೂರ ಒಯ್ದು ಚೆಲ್ಲಲೂ ಇಲ್ಲವಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. 'ಕೊಳೆತ ಕಾಯಿ ಹೋಳು, ಅಂದಾಜು ಎರಡು ಚೀಲ' ಎಂದು ಪಂಚನಾಮೆಯಲ್ಲಿ ಬರೆಸಿದಳು.

ನಿಂಗರಾಜನನ್ನು ಏಣಿಯಿಂದ ಇಳಿಸಿದರು.

"ಬಣ್ಣ ಹಚ್ಚು ಅಂತ ಹೇಳಿದವ್ರು ಯಾರು?"

"ಗಂಗಾಧರ ಕ್ಯಾಪ್ಟನ್ರಿ. ಸೋಮವಾರ ಪಾಮನಕಲ್ಲೂರಿನವ್ರು ಯಾರೋ ತಮ್ಮ ಡಬ್ಬಿ ನೋಡಾಕ ಬರ್ತಾರಂತ. ಅವ್ರಿಗೆ ಕೆಂಪು."

"ಈ ಗುರುತು ಯಾಕ ಉಳೀತು?"

"ಎಣ್ಣಿ ಮ್ಯಾಲೆ ಪೇಂಟ್ ಕುಂದ್ರಂಗಿಲ್ಲರಿ. ನಾ ಏನ್ ಮಾಡ್ಲಿ? ಮಾಸ್ತರ್ ಬ್ಯಾರೆ ಬಾಜೂಕ ನಿಂತು ಬೈತಿದ್ರು, 'ಆ ಕೈ ಗಟ್ಟ್ಯಾಗಿ ತಿಕ್ಕಲೇ' ಅಂತ."

"ಯಾವ ಮಾಸ್ತರ್?"

"ಮಸ್ಕಿ ಯಮನೂರಪ್ಪ ಮಾಸ್ತರ್ರಿ."

ಪಂಪಾವತಿ ಜೀಪಿನ ಕಡೆ ನೋಡಿದಳು. ಗಾಳೆಮ್ಮ ಬಾಟಲಿಯ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಆಕೆಗೆ ಕೇಳಿಸಿರಲಿಲ್ಲ.

"ಈ ಮಾತು ಠಾಣೆ ದಾಟಬಾರದು," ಎಂದು ಪಂಪಾವತಿ ಖಾದರಬಾಷಾನಿಗೆ ಹೇಳಿದಳು. "ಇವನ ಫೋನು ತಗೊಂಡು ಇವತ್ತೇ ಹೇಳಿಕೆ ಬರಸ್ಕೋರಿ." ಭಾನುವಾರ ಕಂಪನಿಯ ವಾರ್ಷಿಕ ಸಭೆಯಿತ್ತು; ಅಲ್ಲಿಯೇ ಹಿಡಿಯುವುದೆಂದು ಅವಳ ಲೆಕ್ಕ. ಹೂವಿನ ಕಮಾನು ಒಯ್ಯಲು ಬಂದ ಆಳು ಏನೂ ಅರಿಯದೆ ಒಯ್ದ. ಮಿಲ್ಲಿನ ಗೋಡೆಯ ಹಿಂದೆ ಮಫ್ತಿಯಲ್ಲಿ ಪೇದೆಯೊಬ್ಬ ಕಾವಲಿದ್ದ.

ಭಾನುವಾರ ಫಂಕ್ಷನ್ ಹಾಲ್ ತುಂಬಿತ್ತು. ಬಾಗಿಲಲ್ಲಿ ಗುಲಾಬಿ ನೀರು, ಒಳಗೆ ಉಪ್ಪಿಟ್ಟು ಶಿರಾದ ವಾಸನೆ. ಪಂಪಾವತಿ ನೂಲಿನ ಸೀರೆಯುಟ್ಟು ಹೆಂಗಸರ ಸಾಲಿನಲ್ಲಿ ಕುಳಿತಳು. ವೇದಿಕೆಯ ಮೇಲೆ ಗಂಗಾಧರ, ಬಿಳಿ ಸಮವಸ್ತ್ರ, ಭುಜಕ್ಕೆ ಬಂಗಾರದ ಪಟ್ಟಿ. ಬಂದರೊಂದರ ಫೆರಿ ದೋಣಿಯ ಕೌಂಟರಿನಲ್ಲಿ ಕೆಲ ಕಾಲ ಟಿಕೆಟ್ಟು ಹರಿದದ್ದೇ ಅವನಿಗೂ ಸಮುದ್ರಕ್ಕೂ ಇದ್ದ ನಂಟು. ಅಲ್ಲಿ ಕೇಳಿಸಿಕೊಂಡ ಮಾತುಗಳನ್ನು ಅವನು ಚೆನ್ನಾಗಿ ಕಾದಿಟ್ಟಿದ್ದ. ಈ ಸಾಲಿನಲ್ಲಿ ಫೆರಿ ಪ್ರಯಾಣಿಕರ ಸಂಖ್ಯೆ ಶೇಕಡಾ ಹದಿನೆಂಟು ಏರಿದೆ. ಇಂಧನದ ಬೆಲೆ ಹೆಚ್ಚಿದ್ದರೂ ಕಾರ್ಯಾಚರಣೆಯ ಲಾಭ ಸ್ಥಿರವಾಗಿದೆ. ಕಂಟೇನರು ವಿಭಾಗ ಚಂಡಮಾರುತದಿಂದ ತಾತ್ಕಾಲಿಕ ಹಿನ್ನಡೆ ಕಂಡಿದೆ.

ಒಂದೊಂದು ವಾಕ್ಯ ಮುಗಿದಾಗಲೂ ಪಕ್ಕದ ಮೈಕಿನಿಂದ ಯಮನೂರಪ್ಪ ಅದನ್ನು ಬಿಡಿಸಿ ಹೇಳುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿಗೆ ಎರಡು ಪೆನ್ನು, ಪಾಠ ಹೇಳಿ ಪಳಗಿದ ದನಿ.

"ಅಂದ್ರ ಏನಾತು? ನೀವು ಮಲಗಿದ್ದಾಗ ನಿಮ್ಮ ಹಡಗು ದುಡ್ಯಾಕತ್ತಿತ್ತು! ಸ್ವಲ್ಪ ನೀರು ಕುಡಿದೈತಿ, ಅಷ್ಟ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಮುಳುಗಿದವರೇ ಜೋರಾಗಿ ತಟ್ಟಿದರು.

ಆಮೇಲೆ ಅಸಲು ಮಾತು ಬಂತು. ಮುಳುಗಿದ ಕಂಟೇನರನ್ನು ಕ್ರೇನಿನಿಂದ ಎತ್ತಿಸಬೇಕು, ತಲೆಗೆ ಮೂವತ್ತು ಸಾವಿರ, ಇಂದೇ ಕಟ್ಟಿದವರದು ಮೊದಲು. ಕುರ್ಚಿಗಳು ಕಿರುಗುಟ್ಟಿದವು. ಮೇಜಿನ ಮುಂದೆ ಸಾಲು ಬೆಳೆಯಿತು. ಸರದಿಗಾಗಿ ಮೊಣಕೈಯಲ್ಲಿ ತಿವಿದಾಡುತ್ತಿದ್ದ ಆ ಸಾಲಿನಲ್ಲಿಯೇ ನಿಂತು, ತನ್ನ ಸರದಿ ಬಂದಾಗ ಪಂಪಾವತಿ ಮೇಜಿನ ಮೇಲೆ ಗುರುತಿನ ಚೀಟಿ ಇಟ್ಟಳು.

"ಗಂಗಾಧರ ಅವರೇ, ಏಳ್ರಿ."

ಬಂಧನದ ಕಾರಣ ಓದಿ ಹೇಳಿದ್ದಷ್ಟೇ, ಗದ್ದಲ ಎದ್ದಿತು. ಆದರೆ ಅದು ಪಂಪಾವತಿ ಎಣಿಸಿದ ಗದ್ದಲವಲ್ಲ.

"ಮೇಡಂ, ಡಿವಿಡೆಂಡ್ ಹಂಚಿದ ಮ್ಯಾಲೆ ಒಯ್ರಿ!"

"ನಾ ಮೂರು ಮಂದೀನ ಕೂಡ್ಸೀನಿ, ನನ್ನ ಕಮಿಷನ್ ಯಾರು ಕೊಡ್ತಾರ?"

"ದೂರು ಕೊಟ್ಟಾಕಿ ಯಾವಾಕಿ? ಎಲ್ಲಾರ ಹೊಟ್ಟಿ ಮ್ಯಾಲೆ ಕಾಲಿಟ್ಲು ನೋಡು!"

ಒಬ್ಬನನ್ನು ತಂದರೆ ಹತ್ತರಲ್ಲೊಂದು ಪಾಲು ಎಂಬ ಕರಾರಿಗೆ ಅಣ್ಣ ತಮ್ಮನನ್ನು, ಬೀಗರು ಬೀಗರನ್ನು ತಂದು ತಳ್ಳಿದ್ದರು. ಕೊಳೆತ ಕಾಯಿಯ ನಾತ ಮತ್ತೆ ಪಂಪಾವತಿಯ ಮೂಗಿಗೆ ಬಡಿದಂತಾಯಿತು. ಅಷ್ಟರಲ್ಲಿ ಯಮನೂರಪ್ಪ ಮೈಕು ಬಿಟ್ಟು ಇಳಿದು ಬಂದಿದ್ದ. ಕೈ ಜೋಡಿಸಿದ್ದ, ಕಣ್ಣಲ್ಲಿ ನೀರೂ ಇತ್ತು.

"ನಾನೂ ಮೋಸ ಹೋದೀನ್ರಿ ಮೇಡಂ. ಒಡಹುಟ್ಟಿದ ಅಕ್ಕನ್ನ ಬ್ಯಾರೆ ಸಿಗಿಸಿಬಿಟ್ಟೆ."

"ಹೌದ್ರಿ? ಊರು ಬಿಟ್ಟು ಹೋಗಬ್ಯಾಡ್ರಿ. ಹೇಳಿಕೆಗೆ ಕರಸ್ತೀನಿ."

ಪೇಂಟರನ ಒಂದು ಮಾತು ಅವನನ್ನು ಹಿಡಿಯಲು ಸಾಲದೆಂದು ಆಕೆಗೆ ಗೊತ್ತಿತ್ತು. ಅವನಿಗೆ ಸಿಕ್ಕಿದ್ದೇನು ಎಂಬುದು ಬೇಕಿತ್ತು.

ಅದು ಸಿಕ್ಕಿದ್ದು ಹುಡುಕಿದಲ್ಲಲ್ಲ. ಮಂಗಳವಾರ ಬೇರೊಂದು ಕೆಲಸಕ್ಕೆ ಲಿಂಗಸುಗೂರಿಗೆ ಹೋದ ಪಂಪಾವತಿ, ಗಾಳೆಮ್ಮನ ಮನೆ ಮಾಲಿಕ ಹನುಮಂತರಾಯರನ್ನು ಕಂಡು ಸ್ವಲ್ಪ ಕಾಯಿರಿ ಎಂದು ಕೇಳಿಕೊಳ್ಳೋಣ ಎಂದುಕೊಂಡಳು. ಇದು ಯಾವ ಕಲಮಿನಲ್ಲೂ ಇಲ್ಲದ ಕೆಲಸ. ಮುದುಕರು ಮಜ್ಜಿಗೆ ತರಿಸಿಕೊಟ್ಟರು.

"ಈಗೇನು ಕಾಯೂದ್ರಿ? ಮನಿ ಮ್ಯಾಲೆ ಮುಂಗಡ ಸಂಚಕಾರ ತಗೊಂಡು ಮೂರು ವಾರ ಆತು."

"ಯಾರ ಕಡೆಯಿಂದ?"

"ಮಹೇಶ್ವರಿ ಅಂತ, ಗಾಳೆಮ್ಮನ ತಮ್ಮನ ಹೆಂಡ್ತಿ. ಮಾಸ್ತರ್ ಬಂದು ನಾಲ್ಕು ಲಕ್ಷ ಕೊಟ್ಟು ಹೋದ್ರು. 'ಅಕ್ಕಗ ಈಗ ಹೇಳಬ್ಯಾಡ್ರಿ, ನಾನೇ ಹೇಳ್ತೀನಿ' ಅಂದ್ರು. ಮನ್ಯಾಗಿನವ್ರೇ ಅಲ್ರಿ, ಆಕಿ ಸಲುವಾಗೇ ತಗೊಳ್ಳಾಕತ್ತಾರ ಅಂತ ನಾ ತಿಳ್ಕೊಂಡೆ."

ಪಂಪಾವತಿ ಮಜ್ಜಿಗೆಯನ್ನು ಕೆಳಗಿಟ್ಟಳು.

ಬ್ಯಾಂಕಿಗೆ ಪತ್ರ ಹೋಯಿತು. ಕಂಪನಿಯ ಖಾತೆಯಿಂದ ಮಹೇಶ್ವರಿಯ ಖಾತೆಗೆ ಹತ್ತರಲ್ಲೊಂದು ಪಾಲು ಬರುತ್ತಲೇ ಇದ್ದದ್ದು ಶುಕ್ರವಾರ ಖಚಿತವಾಯಿತು. ಅದರಲ್ಲಿ ಗಾಳೆಮ್ಮನ ಆರು ಲಕ್ಷದ ಪಾಲೂ ಇತ್ತು. ಸಂಜೆ ನಾಲ್ಕಕ್ಕೆ ಮಸ್ಕಿಯ ಬಾಡಿಗೆ ಮನೆಯಲ್ಲಿ ಯಮನೂರಪ್ಪನನ್ನು ಎರಡನೆಯ ಆರೋಪಿಯಾಗಿ ಬಂಧಿಸಲಾಯಿತು. ಅಂಗಿ ಬದಲಿಸಿ ಬರುತ್ತೇನೆ ಎಂದ. ಖಾದರಬಾಷಾ, "ಇದೇ ಚಂದ ಕಾಣ್ತತಿ, ನಡೀರಿ ಸರ್" ಎಂದ.

ಠಾಣೆಯಲ್ಲಿ ಪ್ರಶ್ನೆಗಳು ಸಣ್ಣವಿದ್ದವು.

"ಒಂದೇ ಕಂಟೇನರು ಅಂತ ಯಾವಾಗ ಗೊತ್ತಾತು?"

"ಮೊದಲನೇ ತಿಂಗಳ."

"ಅಕ್ಕನ್ನ ಯಾವಾಗ ಕರಕೊಂಡು ಬಂದ್ರಿ?"

"ಆಮ್ಯಾಲೆ," ಎಂದ.

"ಮುಳುಗೈತಿ ಅಂತ ಫೋನ್ ಮಾಡ್ಸಿದವ್ರು?"

"ನಾನೇ. ಆಕಿ ಮನಿಗೆ ರೊಕ್ಕ ವಾಪಸ್ ಬೇಕು ಅನ್ನಾಕತ್ತಿದ್ಲು."

"ಯಾಕ್ರಿ? ನಿಮಗ ಪೆನ್ಷನ್ ಬರ್ತದ. ಊಟಕ್ಕ ಕಡಿಮಿ ಇಲ್ಲ."

ಯಮನೂರಪ್ಪ ಜೇಬಿನ ಪೆನ್ನುಗಳನ್ನು ಮುಟ್ಟಿ ನೋಡಲು ಹೋದ. ಅವನ್ನು ಮೊದಲೇ ತೆಗೆದಿಟ್ಟಿದ್ದರು.

"ಊರ ಮಂದಿ ನನಗ ಸರ್ ಅಂತಾರ್ರಿ. ಆಕಿ ಹೆರಿಗಿ ವಾರ್ಡಿನಾಗ ನೆಲ ಒರಸಿದಾಕಿ. ಆಕಿ ಮನಿ ಒಡತಿ ಆಗಿ, ನಾ ಬಾಡಿಗಿ ಮನ್ಯಾಗಿಂದ ಹೋಗಿ ಆಕಿ ಗೃಹಪ್ರವೇಶದಾಗ ಉಣ್ಣಬೇಕಾಗಿತ್ತು. ಹೆಂಡ್ತಿ ದಿನಾ ಅದನ್ನ ಅಂತಿದ್ಲು. ಅಂತಿರ್ಲಿಲ್ಲ ಅಂದ್ರೂ ನನಗ ಅನಸ್ತಿತ್ತು."

ಪಂಪಾವತಿ ಅದನ್ನು ಅವನು ಹೇಳಿದಂತೆಯೇ ಬರೆಸಿದಳು; ತಿದ್ದಲು ಕೈ ಬರಲಿಲ್ಲ. ಹೊರಗೆ ಬಂದಾಗ ಗಾಳೆಮ್ಮ ಬೆಂಚಿನ ಮೇಲೆ ಕುಳಿತಿದ್ದಳು. ಪುರವಣಿ ಹೇಳಿಕೆಗೆ ಸಹಿ ಹಾಕಲು ಬಂದಿದ್ದಳು. ಖಾದರಬಾಷಾ ವಿಷಯ ಹೇಳಿಯಾಗಿತ್ತು. ಅವಳು ಅತ್ತಿರಲಿಲ್ಲ. ಸಂಚಕಾರದ ಹಣ ಜಪ್ತಿಯಾಗಿದೆ, ಮುಂದಿನದು ಕೋರ್ಟು ಹೇಳಬೇಕು, ಅಲ್ಲಿಯವರೆಗೆ ಹನುಮಂತರಾಯರು ಮನೆ ಯಾರಿಗೂ ಬರೆದುಕೊಡುವುದಿಲ್ಲ, ಬಾಡಿಗೆಗೆ ನೀವೇ ಇರಬಹುದಂತೆ ಎಂದು ಪಂಪಾವತಿ ತಿಳಿಸಿದಳು.

ಗಾಳೆಮ್ಮ ತಲೆಯಾಡಿಸಿದಳು.

"ಏನಂದಾನ್ರಿ ಅವ?"

"ನಿಮ್ಮ ಮನಿ ಮ್ಯಾಲೆ ಮನಸ್ಸಿತ್ತಂತ."

ಗಾಳೆಮ್ಮ ಲಾಕಪ್ಪಿನ ಕಡೆ ನೋಡಲಿಲ್ಲ. ಸಹಿ ಮಾಡಿ ಪೆನ್ನು ಹಿಂದಿರುಗಿಸಿದಳು.

"ಮನಿ ಆದಮ್ಯಾಲೆ ಮುಂದಿನ ಖೋಲಿ ಅವನಿಗೇ ಅಂತ ಅಂದ್ಕೊಂಡಿದ್ದೆರಿ," ಎಂದಳು. "ಹಿಂದಿನದ್ರಾಗ ಗಾಳಿ ಆಡಂಗಿಲ್ಲ."