ಮಳೆಮಂತ್ರಿಯ ಏಳನೇ ತಿಂಗಳು

"ಮತ್ತೆ ಎರರ್!"

ಹೆಡ್‌ಮಾಸ್ಟರು ಕನ್ನಡಕ ಏರಿಸಿ, ಶಾಲೆಯ ಕಂಪ್ಯೂಟರ್ ಪರದೆಯ ಕೆಂಪು ಅಕ್ಷರಗಳನ್ನು, ತಡವಾಗಿ ಬಂದ ಹುಡುಗನನ್ನು ನೋಡುವಂತೆ, ದುರುಗುಟ್ಟಿ ನೋಡಿದರು. "ನಾಳೆ ಈ ಮಳೆ ಗ್ರಾಫ್ ನೋಡೋಕೆ ಅತಿಥಿಗಳು ಬರ್ತಾರೆ. ಇದಕ್ಕೇನು ಬಂತು ರೋಗ?"

"ಪ್ರೋಗ್ರಾಮ್ ತಪಾಸಣೆ ಮಾಡೋ ಕಂಪೈಲರ್ ಒಪ್ತಿಲ್ಲ ಸಾರ್," ಎಂದರು ಕಂಪ್ಯೂಟರ್ ಮಿಸ್. "ಹನ್ನೆರಡು ತಿಂಗಳ ಮಳೆ ಕೊಡ್ತೀವಿ ಅಂತ ಬರೆದಿದೀವಿ. ಕೊಟ್ಟಿರೋದು ಹನ್ನೊಂದೇ."

"ನಮ್ಮ ಆಫೀಸಿನ ಗುಮಾಸ್ತರೇನಾದ್ರೂ ಇದರೊಳಗೆ ಕೂತಿದ್ದಾರಾ? ಒಂದು ಕಮ್ಮಿಯಾದ್ರೆ ಎಲ್ಲಾ ವಾಪಸ್ಸು!"

ಕಂಪ್ಯೂಟರ್ ಕೋಣೆಯಲ್ಲಿದ್ದ ಎಲ್ಲರೂ ಮಳೆಮಂತ್ರಿಯ ಕಡೆ ತಿರುಗಿದರು. ಶಾಲೆಯ ತಾರಸಿಯ ಮೇಲಿನ ಮಳೆಮಾಪಕವನ್ನು ನೋಡಿಕೊಳ್ಳುವ ಹುಡುಗಿಗೆ ಗೆಳತಿಯರು ಇಟ್ಟ ಹೆಸರು ಅದು. ಖಾತೆ ಸಿಕ್ಕಿತ್ತು, ಕಾರು ಮಾತ್ರ ಸಿಕ್ಕಿರಲಿಲ್ಲ.

"ಏಳನೇ ತಿಂಗಳು ನಾನು ಅಳೀಲಿಲ್ಲ ಸಾರ್."

ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳ ಅಪ್ಪ ತೀರಿಕೊಂಡದ್ದು ಆ ತಿಂಗಳು.

ಹೆಡ್‌ಮಾಸ್ಟರು ಕೆಮ್ಮಿದರು. "ಹೋಗ್ಲಿ ಬಿಡು. ವರ್ಷಕ್ಕೆ ಹನ್ನೊಂದೇ ತಿಂಗಳು ಅಂತ ಬರೆದ್ರಾಯ್ತು."

"ಕ್ಯಾಲೆಂಡರ್ ಒಪ್ಪಬೇಕಲ್ಲ ಸಾರ್!" ಎಂದರು ಮಿಸ್.

"ಹಾಗಾದ್ರೆ ಸೊನ್ನೆ ಹಾಕಿ. ಸೊನ್ನೆಗೇನು ಬರ?"

"ಆಗ ಮಳೆ ಬಂದಿತ್ತು ಸಾರ್," ಎಂದಳು ಹುಡುಗಿ. ಆಸ್ಪತ್ರೆಯ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಲೇ ಇತ್ತು. ಅಪ್ಪ ಅದನ್ನೇ ನೋಡುತ್ತಾ ಮಲಗಿದ್ದರು. ಸೊನ್ನೆ ಬರೆದರೆ ಆ ಮಳೆಯೇ ಇರಲಿಲ್ಲ ಎಂದಂತೆ.

"ಸರಿ, ಅಂದಾಜಿಗೆ ಏನೋ ಒಂದು ಬರಿ. ಪ್ರೋಗ್ರಾಮ್ ಓಡೋವಾಗ ಬದಲಾಯಿಸಿದ್ರಾಯ್ತು."

"ಇದು ಕಾನ್‌ಸ್ಟಂಟ್ ಸಾರ್, ಓಡೋವಾಗ ಬದಲಾಗಲ್ಲ," ಎಂದರು ಮಿಸ್.

"ಮಿಸ್..." ಹುಡುಗಿ ಅವರ ಸೆರಗು ಜಗ್ಗಿದಳು. "ಮಳೆ ಬಂತು, ಆದ್ರೆ ಅಳೆದಿಲ್ಲ ಅಂತ ಹೇಳೋಕಾಗಲ್ವಾ?"

ಮಿಸ್ ಕೀಬೋರ್ಡನ್ನು ಅವಳ ಕಡೆ ಸರಿಸಿದರು. "ಆಗುತ್ತೆ ಕಣೆ. ಅದಕ್ಕೇ ಅಂತ ಒಂದು ನಂಬರ್ ಇಟ್ಕೊಂಡಿರ್ತಾರೆ. ಮೈನಸ್ 999. ಅದು ಬಂದ ಕಡೆ ಗೆರೆ ಎಳೀಬೇಡ ಅಂತ ಕೆಳಗೆ ಬರೆಯೋಣ."

"ಮೈನಸ್ ಮಳೆ!" ಹೆಡ್‌ಮಾಸ್ಟರು ಹಣೆ ಚಚ್ಚಿಕೊಂಡರು. "ಅಂದ್ರೆ ನೆಲದಿಂದ ಮೇಲಕ್ಕಾ?"

ಮಳೆಮಂತ್ರಿ ತಾನೇ ಟೈಪ್ ಮಾಡಿದಳು. ಕೆಂಪು ಅಕ್ಷರ ಮಾಯವಾಯಿತು. ಪರದೆಯ ಮೇಲೆ ನೀಲಿ ಗೆರೆ ಏರುತ್ತಾ ಹೋಗಿ, ಒಂದು ಕಡೆ ನಿಂತು, ಸ್ವಲ್ಪ ಆಚೆ ಮತ್ತೆ ಶುರುವಾಯಿತು.

"ಮಧ್ಯ ಕಟ್ಟಾಗಿದೆಯಲ್ಲಮ್ಮಾ! ಅತಿಥಿಗಳು ಕೇಳಿದ್ರೆ?"

"ನಾನು ಹೇಳ್ತೀನಿ ಸಾರ್."

ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಮೆಲ್ಲಗೆ ಆಚೆ ಸರಿಸಿದಳು. ಗೆರೆ ಮತ್ತೆ ಶುರುವಾದ ಎಂಟನೇ ತಿಂಗಳ ಮಳೆಯನ್ನು ಅವಳು ಒಬ್ಬಳೇ ಅಳೆದಿರಲಿಲ್ಲ. ತಾರಸಿಯ ಮೇಲೆ ಅಮ್ಮ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಳು.